ಅಂಕಿತ ಬರೂತನಕ ಹಾಡ ಕಡೀಬ್ಯಾಡ್ರಿ

ಹಳೇ ಹಾಡಿಗೆ ಡಿಜೆ ಬಡಿತ ಹಾಕಿದ್ರ ಹಾಡ ಕೆಡತೈತಿ ಅಂತ ನಮ್ಮಾಗ ಭಾಳ ಮಂದಿ ಅಂತಾರ. ಆತ್ಯಾಗೋಳು, ಕಾಕುಗೋಳು ಕುಂತಲ್ಲೇ ಮಾರಿ ಕಿವಚತಾರ, ಹುಡುಗೂರು "ನಿಮಗ ತಿಳಿಯೂದಿಲ್ಲ ಬಿಡ್ರಿ" ಅಂತಾರ, ಮಾತು ಅಲ್ಲಿಗೇ ಮುಗೀತೈತಿ. ನಾ ಎರಡೂ ಕಡಿಯಾಕಿ ಅಲ್ಲ. ಹಾಡಿಗೆ ಹೊಸಾ ಸೀರಿ ಉಡಿಸಿದ್ರ ಹಾಡ ಸಾಯೂದಿಲ್ಲ, ಒಮ್ಮೊಮ್ಮೆ ಚಂದನೂ ಕಾಣತೈತಿ. ನನ್ನ ತಕರಾರು ಬ್ಯಾರೆ. ಈಗಿನವರು ಹಾಡಿನ ತಲಬಾಗಲದಾಗ ನಿಂತು ಕುಣದು ಹೊಳ್ಳಿ ಹೋಗತಾರ, ಒಳಗ ಹಿತ್ತಲದ ತನಕ ಯಾರೂ ಹೋಗೂದಿಲ್ಲ. ನಮ್ಮ ಹಾಡಿನಾಗ ಬರದಾವನ ಹೆಸರು ಇರೂದು ಹಿತ್ತಲದ ಕಡೆ, ಅಂದ್ರ ಕಡೀ ನುಡಿಯೊಳಗ. ಆ ನುಡಿ ಕಡದ್ರ ಹೆಸರೂ ಕಡದಂಗ. ಇವತ್ತ ಬರಿಯೂದು ಅದನ್ನ.

ಮೊದಲ ನಮ್ಮ ಕಡೆ ಸುದ್ದಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಗೇ ಹೋಗ್ರಿ, ಲಗ್ನದ ವರಾತ ಇರಲಿ, ಗಣಪತಿ ಕಳಸೂದ ಇರಲಿ, ಡಾಲ್ಬಿ ಬೇಕ. ಕೊಲ್ಲಾಪುರ, ಸಾಂಗ್ಲಿ ಬಾಜೂಕ ಅದಾವು, ಅಲ್ಲಿ ಪದ್ಧತಿ ಇಲ್ಲಿಗೆ ಬರಾಕ ತಡ ಆಗೂದಿಲ್ಲ. ಬ್ಯಾರೆ ಕಡೆ ಡಿಜೆ ಅಂತಾರ, ನಾವು ಡಾಲ್ಬಿ ಅಂತೇವಿ. ಈ ಡಾಲ್ಬಿ ಅನ್ನೂದು ಒಬ್ಬ ಮನಶ್ಯಾನ ಹೆಸರ ಅಂತ ನಿಮಗ ಗೊತ್ತೈತೇನ್ರಿ? ರೇ ಡಾಲ್ಬಿ ಅಂತ ಅಮೇರಿಕಾದ ಇಂಜಿನಿಯರ. 1965ರಾಗ ಕಂಪನಿ ತಗದು, ಟೇಪಿನಾಗ ಹಾಡಿನ ಹಿಂದ ಸುರ್ರಂತ ಬರೂ ಸಪ್ಪಳ ಕಡಿಮಿ ಮಾಡೂ ಉಪಾಯ ಮಾಡಿದಾವ. ಸಪ್ಪಳ ಕಡಿಮಿ ಮಾಡಿದಾವನ ಹೆಸರ ತಂದು ನಾವು, ಕಪಾಟಿನಾಗಿನ ಭಾಂಡಿ ನಡಗೂ ಸಪ್ಪಳಕ್ಕ ಇಟ್ಟೇವಿ. ಪಾಪ, ಆ ಮನಶ್ಯಾಗ ಗೊತ್ತಾಗಿದ್ರ ಏನ ಅಂತಿದ್ದನೋ! ಹೆಸರು ಒಮ್ಮೆ ಕೈಬಿಟ್ಟು ಹೋತಂದ್ರ ಎಲ್ಲಿ ಹೋಗಿ ಯಾರಿಗೆ ಅಂಟಕೋತೈತಿ ಹೇಳಾಕ ಬರೂದಿಲ್ಲ ಅನ್ನೂದಕ್ಕ ಇದೊಂದು ಸಾಕ್ಷಿ.

ರೀಮಿಕ್ಸ್ ಅಂದ್ರ ಏನ ಮಾಡತಾರ ಅನ್ನೂದನ್ನೂ ಸ್ವಲ್ಪ ತಿಳಕೊಳ್ಳೂಣು. ತಿಳೀದ ಬೈದ್ರ ಹುಡುಗೂರು ನಮ್ಮ ಮಾತ ಕೇಳೂದಿಲ್ಲ. ನಮ್ಮ ತಂಗಿ ಮಗ ಸೌಂಡಿನ ಕೆಲಸ ಮಾಡತಾನ, ಅವನ ಮುಂದ ಕುಂತು ಕೇಳಿ ತಿಳಕೊಂಡೇನಿ. ಹಾಡನ್ನ ಕಂಪ್ಯೂಟರದಾಗ ಹಾಕಿ ಧ್ವನಿ ಒಂದ ಕಡೆ, ವಾದ್ಯ ಒಂದ ಕಡೆ ಮಾಡತಾರ, ನಾವು ಮರದಾಗ ಬ್ಯಾಳಿ ಕೇರಿ ಹೊಟ್ಟ ಬ್ಯಾರೆ ಮಾಡಿದಂಗ. ಹಳೇ ತಾಳ ತಗದು ಮಷೀನಿನ ತಾಳ ಕೂಡಸತಾರ. ಆ ತಾಳ ಸಾಮಾನ್ಯ ಮಿನಿಟಕ್ಕ 120ರಿಂದ 130 ಬಡಿತ ಇರತೈತಿ, ಒಂದ, ಎರಡ, ಮೂರ, ನಾಕ ಅಂತ ಎಣಸಿದ್ರ ಎಣಿಕಿಗೊಂದ ದಪ್ಪ ಬಡಿತ. ಹಾಡ ಸಾವಕಾಶ ಇದ್ರ ಜಗ್ಗಿ ಓಡಸತಾರ. ಆಮ್ಯಾಲ ಕಿವಿಗೆ ಹಿಡಸೂ ಒಂದ ಸಾಲ ಆರಿಸಿ ಅದನ್ನ ಗಾಣದ ಎತ್ತಿನಂಗ ತಿರಗಸತಾರ. ಅದಕ್ಕ ಲೂಪ್ ಅಂತ ಹೆಸರು. ನಡಕ ಬಡಿತ ನಿಲ್ಲಿಸಿ, ಸಪ್ಪಳ ಏರಸಕೋತ ಹೋಗಿ, ಎಲ್ಲಾರೂ ಕೈ ಮ್ಯಾಲ ಎತ್ತಿದ ಕೂಡ್ಲೇ ಧಪ್ಪಂತ ಬಿಡತಾರ. ಅದಕ್ಕ ಡ್ರಾಪ್ ಅಂತಾರ. ಕುಣಿಯಾವರ ಮೈಯಾಗ ಝುಂ ಅನ್ನೂದು ಆವಾಗ.

ಇದು ಸಸಾರದ ಕೆಲಸ ಅಲ್ಲ, ಅದಕ್ಕೂ ಕಿವಿ ಬೇಕ, ತಾಳ್ಮಿ ಬೇಕ. ಆದ್ರ ಒಂದ ನೋಡ್ರಿ. ನಮ್ಮ ಬೀಸೂಕಲ್ಲಿನ ಪದಕ್ಕ ತಾಳ ಕೊಡೂದು ಕಲ್ಲು. ಕಾಳ ಹಾಕಿದಾಗ ಕಲ್ಲ ಭಾರ ಆಗಿ ಸಾವಕಾಶ ತಿರಗತೈತಿ, ಪದಾನೂ ಜಗ್ಗತೈತಿ. ಕಾಳ ನುರೀತಂದ್ರ ಹಗುರ ಆಗತೈತಿ, ಪದಾನೂ ಹಗುರ. ಸೋಬಾನ ಪದಕ್ಕ ತಾಳ ಕೊಡೂದು ಉಸರು. ಮುಂದ ಹೇಳಾಕಿ ಒಂದ ಸಾಲ ಹೇಳಿ ಬಿಡತಾಳ, ಹಿಂದಿನವರು ಎತ್ತಗೋತಾರ, ನಡಕ ಒಬ್ಬಾಕಿಗೆ ಕೆಮ್ಮ ಬಂದ್ರ ಇನ್ನೊಬ್ಬಾಕಿ ಹಿಡೀತಾಳ. ಭಜನಿ ಮೇಳದಾಗ ಏಕತಾರಿ, ದಮ್ಮಡಿ, ತಾಳ ಹಿಡಕೊಂಡು ಹಾಡಾವರೂ ಹಂಗ, ಅರ್ಥ ಬಂದಲ್ಲಿ ನಿಂತು, ಮಂದಿ ಮಾರಿ ನೋಡಿ ಮುಂದ ಹೋಗತಾರ. ಮಷೀನಿಗೆ ಯಾರ ಮಾರಿನೂ ಕಾಣೂದಿಲ್ಲ. ಅದು ಯಾರ ಸಲುವಾಗೂ ನಿಂದ್ರೂದಿಲ್ಲ. ರೀಮಿಕ್ಸಿನಾಗ ಮೊದಲ ಹೋಗೂದು ಈ ನಿಂದ್ರೂ ಜಾಗಾ.

ಈ ಗದ್ದಲ ನಮ್ಮ ಕಡೆ ಅಷ್ಟ ಇಲ್ಲ, ಇಂಗ್ಲಂಡಿನಾಗೂ ಆಗೈತಿ. ಅಲ್ಲಿ ಮೈಕ್ ಓಲ್ಡ್‌ಫೀಲ್ಡ್ ಅಂತ ಒಬ್ಬ ವಾದ್ಯಗಾರ ಅದಾನ. 1973ರ ಮೇ ತಿಂಗಳದಾಗ ಅವನ ‘ಟ್ಯೂಬ್ಯುಲರ್ ಬೆಲ್ಸ್’ ಅನ್ನೂ ರೆಕಾರ್ಡ ಬಂತು. ಆವಾಗ ಅವಗ 20 ವರ್ಷ. ಮುಂದ ದೊಡ್ಡ ಹೆಸರ ಮಾಡಿದ ವರ್ಜಿನ್ ಅನ್ನೂ ಕಂಪನಿ ಹೊರಗ ತಂದ ಮೊದಲನೇ ರೆಕಾರ್ಡ ಅದ. ಆ ಸಂಗೀತಕ್ಕ ಪ್ರೊಗ್ರೆಸಿವ್ ರಾಕ್ ಅಂತಾರ. ಅಂದ್ರ ಮೂರ ಮಿನಿಟಿನ ಸಿನಿಮಾ ಹಾಡಿನಂಗ ಅಲ್ಲ, ನಮ್ಮ ಗವಾಯಿಗಳು ಒಂದ ರಾಗ ಹಿಡದು ಸಾವಕಾಶ ಬಿಚ್ಚಕೋತ ಹೋಗೂ ಹಂಗ, ಕರೆಂಟಿನ ಗಿಟಾರ ಹಿಡದು ಉದ್ದಕ್ಕ ಕಟ್ಟೂ ಬಾಜಿ. ರೆಕಾರ್ಡಿನ ಒಂದ ಮಗ್ಗಲಕ್ಕ ಒಂದ, ಇನ್ನೊಂದ ಮಗ್ಗಲಕ್ಕ ಇನ್ನೊಂದ, ಎರಡೂ ಕೂಡಿ ಸುಮಾರ 49 ಮಿನಿಟ. ಹೆಚ್ಚಿನ ವಾದ್ಯ ಎಲ್ಲಾ ಅವನೊಬ್ಬನ ಬಾರಿಸಿ, ಒಂದರ ಮ್ಯಾಲೊಂದ ಕೂಡಿಸಿದ್ದು.

ಅದೇ ವರ್ಷ ‘ದಿ ಎಕ್ಸಾರ್ಸಿಸ್ಟ್’ ಅನ್ನೂ ದೆವ್ವದ ಸಿನಿಮಾ ಬಂತು. ಅದರಾಗ ಈ ಬಾಜಿಯ ಮೊದಲಿನ ಚೂರಷ್ಟ ಹಾಕಿದ್ರು. ಅಷ್ಟ ಸಾಕಾತು. 49 ಮಿನಿಟಿನ ಬಾಜಿ ಜಗತ್ತಿಗೆ ದೆವ್ವದ ಬಾಜಿ ಅಂತ ಗುರ್ತ ಉಳೀತು. ತಲಬಾಗಲ ಅಷ್ಟ ನೋಡಿ ಮನಿ ಗುರ್ತ ಹಿಡದಂಗ ಆತು. ಪೂರಾ ಕೇಳಿದವರಿಗೆ ಗೊತ್ತು, ಮೊದಲನೇ ಮಗ್ಗಲದ ಕಡೀಕ ಒಂದ ಚಲೋ ಕೆಲಸ ಮಾಡ್ಯಾರ. ವಿವಿಯನ್ ಸ್ಟಾನ್‌ಶಾಲ್ ಅನ್ನಾವ ಒಬ್ಬ ನಿಂತು, ಬಾರಿಸಿದ ಒಂದೊಂದ ವಾದ್ಯದ ಹೆಸರೂ ಕರದ ಕರದ ಹೇಳತಾನ. ಹೆಸರ ಹೇಳಿದಂಗ ಆ ವಾದ್ಯ ಬಂದು ಕೂಡಕೋತೈತಿ, ಮದವಿ ಮನ್ಯಾಗ ಬೀಗರನ್ನ ಹೆಸರ ಹಿಡದು ಕರದು ಕುಂಡರಸಿಧಂಗ. ಕಟ್ಟಕಡೀಕ ಬರೂ ಹೆಸರು ಟ್ಯೂಬ್ಯುಲರ್ ಬೆಲ್ಸ್, ಅಂದ್ರ ಜೋತ ಬಿಟ್ಟ ಕೊಳವಿಗೋಳ ಘಂಟಿ. ರೆಕಾರ್ಡಿನ ಹೆಸರು ಯಾಕ ಬಂತು ಅನ್ನೂದು ತಿಳಿಯೂದು ಅಲ್ಲಿತನಕ ಕೇಳಿದಾವಗ ಅಷ್ಟ.

ಅದೇ ಓಲ್ಡ್‌ಫೀಲ್ಡ್ 40 ವರ್ಷದ ಮ್ಯಾಲ, 2013ರಾಗ, ಟಾರ್ಸ್ಟನ್ ಸ್ಟೆಂಜೆಲ್ ಅನ್ನೂ ಜರ್ಮನಿಯ ಡಿಜೆ ಬಾಜಿಯವನ ಕೂಡ ಸೇರಿ ತನ್ನ ಹಳೇ ಬಾಜಿಗೋಳಿಗೆ ಹೊಸಾ ಕಂಪ್ಯೂಟರ ತಾಳ ಹಾಕಿ ‘ಟ್ಯೂಬ್ಯುಲರ್ ಬೀಟ್ಸ್’ ಅಂತ ಹೊರಗ ತಂದ. ನಾ ಎರಡೂ ಕೇಳೇನಿ. ಮನಸಿಗೆ ಕೂತದ್ದು ಹಳೇದ, ಆದ್ರ ಕಸ ಹೊಡಿಯೂ ಮುಂದ, ಭಾಂಡಿ ತಿಕ್ಕೂ ಮುಂದ ಹೊಸಾದಕ್ಕ ಕೈ ಚುರುಕ ಆಗತೈತಿ. ಅಲ್ಲಿ ಯಾರಿಗೂ ಅನ್ಯಾಯ ಆಗಲಿಲ್ಲ. ಯಾಕಂದ್ರ ಬಾಜಿ ಅವಂದ, ಬದಲಿ ಮಾಡಾಕ ಕುಂತಾವನೂ ಅವನ, ಮ್ಯಾಲಿನ ಹೆಸರೂ ಅವಂದ. ಹಳೇದು ಬೇಕಂದಾವಗ ಹಳೇದೂ ಪೂರಾ ಸಿಗತೈತಿ. ತನ್ನ ಸೀರಿ ತಾನ ಕತ್ತರಿಸಿ ಕೌದಿ ಹೊಲಕೊಂಡ್ರ ಯಾರ ಏನ ಅನ್ನಾಕ ಬರತೈತಿ?

ನಮ್ಮ ಕಡೆ ಕತಿ ಹಂಗಿಲ್ಲ. ನಮ್ಮ ಹಾಡ ಕಟ್ಟಿದವರು ಹೋಗಿ ನೂರಾರ ವರ್ಷ ಆಗ್ಯಾವು. ಕತ್ತರಿ ಹಿಡದಾವ ಬ್ಯಾರೆ, ಸೀರಿ ನೇದಾವ ಬ್ಯಾರೆ.

ಶರೀಫಜ್ಜನ್ನ ತಗೋರಿ. 1819ರಾಗ ಈಗಿನ ಹಾವೇರಿ ಜಿಲ್ಲಾದ ಶಿಗ್ಗಾಂವಿ ಬಾಜೂಕ ಶಿಶುನಾಳದಾಗ ಹುಟ್ಟಿದ್ರು, 1889ರಾಗ ಹೋದ್ರು. ಸಾಲಿ ಮಾಸ್ತರಿಕಿ ಮಾಡಿದವರು. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಸಾಬರ ಹುಡುಗ, ಬ್ರಾಹ್ಮಣ ಗುರು, ಹಾಡೂದು ಮಾತ್ರ ನಮ್ಮ ನಿಮ್ಮ ಮನಿ ಸಾಮಾನಿಂದು. ಮಾಳಗಿ ಸೋರೂದು, ಗುಡಗುಡಿ ಸೇದೂದು, ಒರಳು, ಒನಕಿ, ಬೀಸೂಕಲ್ಲು, ಕೋಳಿ. ಭಜನಿ ಮೇಳದವರು ಅವನ್ನ ಊರೂರಿಗೆ ಬಾಯಿಲೆ ಉಳಿಸಿಕೊಂಡ ಬಂದ್ರು.

1990ರಾಗ ಟಿ.ಎಸ್. ನಾಗಾಭರಣ ಅವರು ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದ್ರು. ಶರೀಫರಾಗಿ ಶ್ರೀಧರ, ಗುರುಗಳಾಗಿ ಗಿರೀಶ ಕಾರ್ನಾಡ, ಸಂಗೀತ ಸಿ. ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯದ ಸಲುವಾಗಿ ಕೊಡೂ ನರ್ಗಿಸ್ ದತ್ ಪ್ರಶಸ್ತಿನೂ ಅದಕ್ಕ ಬಂತು. ಇವತ್ತ ನಮ್ಮ ಹುಡುಗೂರು ಸಾಲಿ ಗ್ಯಾದರಿಂಗಿನಾಗ ಶರೀಫರ ಹಾಡ ಅಂತ ಹಾಡೂದು ಹೆಚ್ಚಾಗಿ ಅಶ್ವಥ್ ಅವರ ಮಟ್ಟದಾಗ. ಆಮ್ಯಾಲ 2008ರಾಗ ಮೈಸೂರಿನ ರಘು ದೀಕ್ಷಿತ್ ತನ್ನ ಮೊದಲನೇ ಆಲ್ಬಮ್ಮಿನಾಗ ಗುಡಗುಡಿ ಹಾಡನ್ನ, ಸೋರೂ ಮಾಳಗಿ ಹಾಡನ್ನ ಗಿಟಾರ ಹಚ್ಚಿ ರಾಕ್ ಮಾಡಿ ಹಾಡಿದ. ಲುಂಗಿ ಉಟಗೊಂಡು, ಕಾಲಿಗೆ ಗೆಜ್ಜಿ ಕಟಗೊಂಡು ಅವನು ಹಾಡೂದನ್ನ ನೋಡಿ ಬೆಂಗಳೂರ, ಮುಂಬೈ ಹುಡುಗೂರು ಶರೀಫ ಅಂದ್ರ ಯಾರು ಅಂತ ಕೇಳಾಕ ಹತ್ತಿದ್ರು.

ಇದನ್ನ ಯಾಕ ಹೇಳಿದೆ ಅಂದ್ರ, ನಾವು ‘ಅಸಲ ಹಾಡು’ ಅಂತ ಯಾವದನ್ನ ಹಿಡಕೊಂಡ ಜಗಳಾ ಮಾಡತೇವೋ ಅದೂ ಒಮ್ಮೆ ಯಾರೋ ಹೊಸಾದಾಗಿ ಮಾಡಿದ್ದ. ಭಜನಿ ಮ್ಯಾಳದ ಮುತ್ಯಾಗ ಅಶ್ವಥ್ ಅವರ ಮಟ್ಟ ಹೊಸಾದು, ಅಶ್ವಥ್ ಅವರನ್ನ ಕೇಳಿ ಬೆಳದ ನನಗ ರಘು ದೀಕ್ಷಿತ್ ಹೊಸಾವ, ರಘು ದೀಕ್ಷಿತ್‌ನ ಕೇಳಿ ಬೆಳದ ಹುಡುಗಗ ಡಾಲ್ಬಿ ಪೆನ್‌ಡ್ರೈವ್ ಹೊಸಾದು. ಅದಕ್ಕ "ಹೊಸಾದು ಮಾಡಬ್ಯಾಡ್ರಿ" ಅನ್ನೂ ಮಾತಿನಾಗ ನ್ಯಾಯ ಇಲ್ಲ. ನ್ಯಾಯ ಇರೂದು ಇನ್ನೊಂದ ಮಾತಿನಾಗ: ಹೊಸಾದು ಮಾಡ್ರಿ, ಆದ್ರ ಕಟ್ಟಿದಾವನ ಹೆಸರ ಒರಸಬ್ಯಾಡ್ರಿ.

ನಮ್ಮ ಹಿರ್ಯಾರು ಹೆಸರ ಉಳಸೂ ಒಂದ ಶಾಣ್ಯಾತನ ಮಾಡಿ ಇಟ್ಟಾರ. ಅದಕ್ಕ ಅಂಕಿತ ಅಂತಾರ. ಬಸವಣ್ಣನವರ ವಚನದ ಕಡೀಕ ಕೂಡಲಸಂಗಮದೇವ, ಅಕ್ಕನ ವಚನದ ಕಡೀಕ ಚೆನ್ನಮಲ್ಲಿಕಾರ್ಜುನ, ಪುರಂದರದಾಸರ ಪದದ ಕಡೀಕ ಪುರಂದರವಿಠಲ, ಶರೀಫಜ್ಜನ ಪದದ ಕಡೀಕ ಶಿಶುನಾಳಧೀಶ. ಆಗ ರೆಕಾರ್ಡ ಇರಲಿಲ್ಲ, ಕವರ ಇರಲಿಲ್ಲ, ಹೆಸರ ಛಾಪಿಸೂ ಜಾಗಾ ಇರಲಿಲ್ಲ. ಅದಕ್ಕ ಹಾಡಿನ ಒಡಲಾಗ ಹೆಸರ ಹೊಲದ್ರು. ಹಾಡ ಎಲ್ಲಿಗೆ ಹೋದ್ರೂ ಹೆಸರೂ ಸಂಗಾಟ ಹೋಗಬೇಕಂತ. ಆದ್ರ ಅವರು ನಂಬಿದ್ದು ಒಂದ ಮಾತು: ಹಾಡಾವರು ಕಡೀತನಕ ಹಾಡತಾರ, ಕೇಳಾವರು ಕಡೀತನಕ ಕೂಡತಾರ.

ಡಾಲ್ಬಿ ಕತ್ತರಿ ಬೀಳೂದು ಸರಿಯಾಗಿ ಅಲ್ಲೇ. ಕೋಳಿ ಕೋಡಗನ್ನ ನುಂಗೂ ಹಾಡ ಎಲ್ಲಾರಿಗೂ ಗೊತ್ತು, ಸಣ್ಣ ಹುಡುಗೂರೂ ಹಾಡತಾವು. ಕೋಡಗ ಅಂದ್ರ ಮಂಗ್ಯಾ. ಮಂಗ್ಯಾನಂಥಾ ಮಂಗ್ಯಾನ್ನ ಕೋಳಿ ನುಂಗೂದ ಅಂದ್ರ ಎಂಥಾ ಚ್ಯಾಷ್ಟಿ! ಮುಂದ ಒಂದೊಂದ ನುಡಿಗೂ ಇಂಥಾವ ಉಲ್ಟಾ ಮಾತು, ಒಂದು ಇನ್ನೊಂದನ್ನ ನುಂಗೂದು. ನಕ್ಕೋತ ನಕ್ಕೋತ ಹೋಗಿ ಕಡೀ ನುಡಿಗೆ ಮುಟ್ಟಿದ್ರ ಗುರು ಗೋವಿಂದನ ಪಾದ ಬರತೈತಿ, ಆವಾಗ ನುಂಗಿಸಿಕೊಂಡದ್ದು ಯಾವದು ಅನ್ನೂದು ತಿಳೀತೈತಿ. ನಮ್ಮ ‘ನಾನು’ ಅನ್ನೂದು. ಅಲ್ಲಿತನಕ ಚ್ಯಾಷ್ಟಿ, ಅಲ್ಲಿಂದ ತತ್ವ. ಮೊದಲನೇ ಸಾಲಷ್ಟ ಹಿಡದು ಇಪ್ಪತ್ತ ಸಲ ತಿರಗಿಸಿದ್ರ ಉಳಿಯೂದು ಕೋಳಿ, ಮಂಗ್ಯಾ ಅಷ್ಟ. ತತ್ವಪದ ಹೋಗಿ ಹುಡುಗೂರ ಪದ ಆತು.

ಇನ್ನ ನಗಬೇಕೋ ಅಳಬೇಕೋ ಅನ್ನೂದು ಮುಂದಿಂದು. ಕಡೀ ನುಡಿ ಕಡದ ಆ ಹಾಡಿನ ನಡಕ ನಡಕ ಏನ ಬರತೈತಿ ಕೇಳೀರೇನ್ರಿ? "ಡಿಜೆ ಇಂಥಾವ, ಇಂಥಾ ಊರು" ಅಂತ ದಪ್ಪ ಧ್ವನಿಲೆ ಮಿನಿಟಿಗೊಮ್ಮೆ ಒದರಸತಾನ. ತನ್ನ ಕೆಲಸ ಇನ್ನೊಬ್ಬಾವ ಕದ್ದಾನು ಅಂತ ಅವಗ ಅಂಜಿಕಿ, ಅದಕ್ಕ ಹೆಸರ ಒಳಗ ಹೊಲದಿರತಾನ. ಅಂದ್ರ ಅಂಕಿತ ಯಾಕ ಬೇಕು ಅನ್ನೂದು ಅವಗ ನಮಗಿಂತ ಚಲೋ ತಿಳದೈತಿ! ಶರೀಫಜ್ಜ ಒಂದ ಪದಕ್ಕ ಒಮ್ಮೆ ಹೆಸರ ಹೇಳಿದ, ಅದೂ ದೇವರ ಹೆಸರಿನಾಗ. ಇಂವ ನಾಕ ಮಿನಿಟಿನಾಗ ಐದ ಸಲ ತನ್ನ ಹೆಸರ ಹೇಳತಾನ. ಹೇಳಲಿ, ದುಡದಾನ, ಹೇಳಲಿ. ಆದ್ರ ಆ ಐದರಾಗ ಒಂದ ಸಲ ಶರೀಫಜ್ಜಂದೂ ಇರಲಿ ಅನ್ನೂದ ನನ್ನ ಮಾತು.

ಶರೀಫಜ್ಜಂಗ ಅಂಕಿತಾನಾದ್ರೂ ಐತಿ, ಹುಡುಕಿದ್ರ ಸಿಗತಾನ. ನಮ್ಮ ಹೆಣ್ಣಮಕ್ಕಳ ಹಾಡಿಗೆ ಅದೂ ಇಲ್ಲ. ಬೀಸೂ ಪದ, ಕುಟ್ಟೂ ಪದ, ಸೋಬಾನ, ಜೋಗುಳ, ಪಂಚಮಿ ಜೋಕಾಲಿ ಹಾಡು, ಗುಳ್ಳವ್ವನ ಹಾಡು, ಇವನ್ನ ಕಟ್ಟಿದಾಕಿ ಯಾರು? ಯಾವ ಊರಾಕಿ? ಯಾರಿಗೂ ಗೊತ್ತಿಲ್ಲ. ತ್ರಿಪದಿಯ ಮೂರ ಸಾಲಿನಾಗ ತವರ ನೆನದಾಳ, ಅಣ್ಣನ್ನ ಹರಸ್ಯಾಳ, ಅತ್ತಿ ಮನಿ ಸಂಕಟ ಹೇಳ್ಯಾಳ, ತನ್ನ ಹೆಸರ ಮಾತ್ರ ಹೇಳಿಲ್ಲ. ವಿಜಯಪುರ ಜಿಲ್ಲಾದ ಹಲಸಂಗಿಯ ಗೆಳೆಯರು ಇಂಥಾ ಪದ ಕೂಡಿಸಿ 1931ರಾಗ ‘ಗರತಿಯ ಹಾಡು’ ಅಂತ ಪುಸ್ತಕ ಮಾಡಿದ್ರು. ಅವರು ಮಾಡಲಿಲ್ಲಂದ್ರ ಅಷ್ಟೂ ಪದ ಮಣ್ಣಾಗತಿದ್ವು, ಅವರ ಉಪಕಾರ ದೊಡ್ಡದು. ಆದ್ರ ಕೂಡಿಸಿದ ಗೆಳೆಯರ ಹೆಸರ ನಮಗ ಗೊತ್ತು, ಹಾಡಿದ ಗರತಿಯರ ಹೆಸರ ನಮ್ಮ ಬಾಯಾಗ ಇಲ್ಲ.

ನಮ್ಮ ಗಡಿ ಆಚೆ ಮರಾಠಿಯೊಳಗ ಬ್ಯಾರೆ ನಮೂನಿ ಕೆಲಸ ಆಗೈತಿ. ಪುಣೇದಾಗ ಹೇಮಾ ರಾಯರಕರ ಮತ್ತ ಗೀ ಪಾಯಟವ್ಹ್ಯಾ ಅನ್ನೂ ಇಬ್ಬರು 1980ರ ದಶಕದಿಂದ ಹಳ್ಳಿ ಹಳ್ಳಿ ತಿರಗಿ ಜಾತ್ಯಾವರಚಿ ಓವಿ, ಅಂದ್ರ ನಮ್ಮ ಬೀಸೂ ಪದದಂಥಾವನ್ನ, ಒಂದ ಲಕ್ಷಕ್ಕೂ ಹೆಚ್ಚ ಕೂಡಿಸಿದ್ರು. ಪಿ. ಸಾಯಿನಾಥ ಅವರ ಪರಿ ಅನ್ನೂ ಸಂಸ್ಥಾ ಅವನ್ನ ಈಗ ಒಂದೊಂದ ಹೊರಗ ತರಾಕ ಹತ್ತೈತಿ. ಅದರಾಗ ಹಾಡಿನ ಸಂಗಾಟ ಹಾಡಿದಾಕಿ ಹೆಸರು, ಊರು, ತಾಲೂಕ ಬರದಿರತಾರ. ಮರಾಠಿ ಬರೂ ನಮ್ಮ ಮೌಶಿಗೋಳು, ವೈನಿಗೋಳು ಅದನ್ನ ಒಮ್ಮೆ ಕೇಳ್ರಿ. ಅಕ್ಷರ ಬರಲಾರದ ಒಬ್ಬ ಮುದುಕಿ ತನ್ನ ಹೆಸರಿನ ಕೆಳಗ ತನ್ನ ಹಾಡ ಕೇಳಿದ್ರ ಆಕಿಗೆ ಹೆಂಗ ಅನಸಿರಬೇಕ ವಿಚಾರ ಮಾಡ್ರಿ.

ಈಗ ನಮ್ಮ ಸಂಬಂಧಿಕರಾಗ ಆದ ಒಂದ ಸಂಗತಿ ಹೇಳತೇನಿ, ಹೆಸರ ಬ್ಯಾಡ. ಒಂದ ಅರಿಷಿಣ ಕಾರ್ಯದಾಗ ಒಬ್ಬ ಆಯಿ ಸೋಬಾನ ಹೇಳಿದ್ಲು. ವಯಸ್ಸ ಆದ್ರೂ ಧ್ವನಿ ಬೆಲ್ಲದಂಗ. ಯಾರೋ ಮೊಬೈಲಿನಾಗ ಹಿಡದ್ರು. ಹಿಡದದ್ದು ಒಂದ ಗುಂಪಿಂದ ಇನ್ನೊಂದ ಗುಂಪಿಗೆ ಹೋತು. ಮೂರ ತಿಂಗಳಕ್ಕ ಇನ್ನೊಂದ ಊರ ವರಾತಿನಾಗ ಡಾಲ್ಬಿ ಮ್ಯಾಲ ಆಯಿ ಧ್ವನಿ ಬಂತು. ಒಂದ ಸಾಲು, ಮಿನಿಟಕ್ಕ 130 ಬಡಿತ, ನಡಕ ಡಿಜೆ ಹೆಸರು. ಆಯಿ ಮೊಮ್ಮಗಳು ಅಲ್ಲೇ ಕುಣ್ಯಾಕ ಹತ್ತಿದಾಕಿ ಗಪ್ಪನ ನಿಂತಳಂತ. "ಮೊದಲ ಖುಷಿ ಆತು, ಆಮ್ಯಾಲ ಯಾರೋ ನಮ್ಮ ಆಯಿ ಬಾಯಿ ಮುಚ್ಚಿದಂಗ ಆತು" ಅಂದ್ಲು. ಹಾಡ ಮುಂದ ಏನಿತ್ತು ಅಂದ್ರ, ಮದುಮಗಳಿಗೆ ಹೊಸಾ ಮನ್ಯಾಗ ಹೆಂಗ ಇರಬೇಕು, ಯಾವದಕ್ಕ ತಲಿ ಬಾಗಬೇಕು, ಯಾವದಕ್ಕ ಬಾಗಬಾರದು ಅನ್ನೂ ಬುದ್ಧಿಮಾತು. ಅದನ್ನ ಕೇಳಬೇಕಾದಾಕಿ ಆ ದಿನ ಕುದರಿ ಹಿಂದ ಕಾರಿನಾಗ ಕುಂತಿದ್ಲು, ಆಕಿಗೆ ಮುಟ್ಟಿದ್ದು ಬರೇ ಧಬಧಬ.

ಇಂಥಾದಕ್ಕ ಕಾಯ್ದೆ ಏನ ಅಂತೈತಿ ಅಂತ ನಾ ಓದಿ ನೋಡಿದೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ಂದು. ಬರದಾವ ತೀರಿಕೊಂಡ ಮ್ಯಾಲ 60 ವರ್ಷಕ್ಕ ಹಾಡ ಎಲ್ಲಾರದೂ ಆಗತೈತಿ. ಶರೀಫಜ್ಜನ ಪದ ಯಾವ ಕಾಲಕ್ಕೋ ಎಲ್ಲಾರದೂ ಆಗ್ಯಾವು, ಯಾರು ಏನ ಮಾಡಿದ್ರೂ ಕೇಳಾವರಿಲ್ಲ. ರೀಮಿಕ್ಸ್ ಮಾಡಿದ ಹುಡುಗನ ರೆಕಾರ್ಡಿಂಗಿಗೆ ಅವನ ಹಕ್ಕು ಬರತೈತಿ. ಆದ್ರ ಇಲ್ಲೇ ನಮಗ ಗೊತ್ತಿರಬೇಕಾದ ಒಂದ ಮಾತೈತಿ: ಹಾಡಿದಾಕಿಗೂ ಹಕ್ಕ ಐತಿ. ಆಕಿ ಒಪ್ಪಿಗಿ ಇಲ್ಲದ ಆಕಿ ಹಾಡಿದ್ದನ್ನ ರೆಕಾರ್ಡ ಮಾಡಿ ಪ್ಯಾಟ್ಯಾಗ ಬಿಡಾಕ ಬರೂದಿಲ್ಲ. ಆ ಹಕ್ಕ 50 ವರ್ಷ ಇರತೈತಿ. 2012ರ ತಿದ್ದುಪಡಿ ಮ್ಯಾಲ, ಹಾಡಿದಾಕಿ ಇಂಥಾಕಿ ಅಂತ ಹೆಸರ ಹೇಳಿಸಿಕೊಳ್ಳೂ ಹಕ್ಕನೂ ಕಾಯ್ದೆದಾಗ ಬರದಾರ. ಹಾಡ ಆಕಿ ಕಟ್ಟಿದ್ದಲ್ಲ, ಆಕಿ ಅಜ್ಜಿ ಕಡಿಂದ ಬಂದದ್ದು, ಖರೆ. ಆದ್ರ ಆ ಧ್ವನಿ ಆಕಿದು. ಒಂದ ಸಾಲ ಹಾಡಿದ್ರೂ ಆಕಿದ.

ಆಯಿನ್ನ ಕೋರ್ಟಿಗೆ ಕರಕೊಂಡ ಹೋಗ್ರಿ ಅಂತ ನಾ ಅನ್ನವಲ್ಲೆ. ನಮ್ಮ ಊರ ಹುಡುಗೂರು ನಮ್ಮವ, ಯಾರ ಮ್ಯಾಲ ಕೇಸ ಹಾಕೂದು? ಆದ್ರ ಕಾಯ್ದೆ ಬರದಾವರಿಗೂ ತಿಳದ ಮಾತು ನಮ್ಮ ಮನ್ಯಾಗ ತಿಳೀಬೇಕಲ್ಲ.

"ಅಕ್ಕಾ, ಡಾಲ್ಬಿ ಹಾಕದಿದ್ರ ಈಗಿನ ಹುಡುಗೂರು ಈ ಹಾಡ ಕೇಳೂದ ಇಲ್ಲ, ಅರ್ಧ ಕೇಳಿದ್ರೂ ಕೇಳಿದ್ರಲ್ಲ" ಅಂತ ನಮ್ಮ ತಂಗಿ ನನ್ನ ಕೂಡ ವಾದ ಹಾಕತಾಳ. ಆಕಿ ಮಾತಿನಾಗ ತೂಕ ಐತಿ. ರಘು ದೀಕ್ಷಿತ್ ಹಾಡಿದ್ದಕ್ಕ ಶರೀಫರ ಊರ ಎಲ್ಲೈತಿ ಅಂತ ನಕಾಶೆದಾಗ ಹುಡುಕಿದ ಹುಡುಗೂರನ್ನ ನಾನೂ ಬಲ್ಲೆ. ಆದ್ರ ಅವರು ಹುಡುಕಾಕ ಆದದ್ದು ಹೆಸರ ಇದ್ದದ್ದಕ್ಕ. ಹಾಡಿನ ಮ್ಯಾಲ ಶರೀಫ ಅಂತ ಇತ್ತು, ಹಾದಿ ಸಿಕ್ಕಿತು. ಹೆಸರಿಲ್ಲದ ಅರ್ಧಾ ಹಾಡ ಕೇಳಿದ ಹುಡುಗ ಉಳದ ಅರ್ಧಾ ಎಲ್ಲಿ ಹುಡುಕ್ಯಾನು? ಅರ್ಧಾ ಹಾಡು ಹಾದಿ ತೋರಿಸೂದು ಅದರ ಮ್ಯಾಲ ಊರ ಹೆಸರ ಬರದಿದ್ದಾಗ ಅಷ್ಟ. ನಮ್ಮ ತಂಗಿ ಮಾತಿಗೆ ನನ್ನ ಉತ್ತರ ಇಷ್ಟ.

ಇನ್ನೊಂದ ಖರೆ ಮಾತು. ಬರೇ ಡಿಜೆ ಹುಡುಗೂರನ್ನ ಅಂದ್ರ ಆಗೂದಿಲ್ಲ. ಅವರು ಹಾಡ ಕಡಿಯೂಕಿಂತ ಮೊದಲ ನಾವ ಹಾಡೂದ ಬಿಟ್ಟೇವಿ. ಗಿರಣಿ ಬಂತು, ಬೀಸೂಕಲ್ಲ ಅಟ್ಟ ಸೇರಿತು. ಮಿಕ್ಸರ ಬಂತು, ಒರಳಕಲ್ಲ ಹಿತ್ತಲಕ್ಕ ಹೋತು. ಅದರಾಗ ತಪ್ಪಿಲ್ಲ, ನಮ್ಮ ಅವ್ವಗೋಳ ರಟ್ಟಿ ನೋವು ಯಾರಿಗೂ ಬರೂದ ಬ್ಯಾಡ. ಆದ್ರ ಕಲ್ಲಿನ ಸಂಗಾಟ ಪದಾನೂ ಅಟ್ಟಕ್ಕ ಇಟ್ಟೇವಿ. ಲಗ್ನದಾಗ ಸೋಬಾನ ಹೇಳ್ರಿ ಅಂದ್ರ "ನನಗ ಎರಡ ನುಡಿ ಅಷ್ಟ ಬರತಾವು" ಅಂತ ಒಬ್ಬರ ಮಾರಿ ಒಬ್ಬರು ನೋಡತೇವಿ. ಮನ್ಯಾಗ ಪೂರಾ ಹಾಡ ಜೀವಂತ ಇದ್ರ ಹೊರಗ ಎಷ್ಟ ರೀಮಿಕ್ಸ್ ಬಂದ್ರೂ ಅಂಜಿಕಿ ಇಲ್ಲ. ಓಲ್ಡ್‌ಫೀಲ್ಡ್‌ನ ಹೊಸಾ ಬಾಜಿ ಬಂದ್ರೂ ಹಳೇದು ಕಪಾಟಿನಾಗ ಪೂರಾ ಐತಿ. ನಮ್ಮ ಕಪಾಟ ಅಂದ್ರ ನಮ್ಮ ಆಯಿಗೋಳ ಬಾಯಿ. ಆ ಕಪಾಟಿಗೆ ಬೀಗ ಬೀಳೂಕಿಂತ ಮೊದಲ ಏನಾರ ಮಾಡಬೇಕ.

ಏನ ಮಾಡೂದು ಅಂದ್ರ, ನನಗ ತಿಳದಷ್ಟ ಹೇಳತೇನಿ. ಮನ್ಯಾಗ ಪದ ಬರೂ ಆಯಿ, ಆತ್ಯಾ, ಚಿಗವ್ವ ಯಾರರ ಇದ್ರ ಒಂದ ಮಧ್ಯಾಹ್ನ ಅವರ ಬಾಜೂಕ ಕುಂಡ್ರಿ. ಫ್ಯಾನ್ ಬಂದ ಮಾಡ್ರಿ, ಟೀವಿ ಬಂದ ಮಾಡ್ರಿ, ಮೊಬೈಲ ಅವರ ಸನೇಕ ಇಡ್ರಿ. ಕೇಳಿ, ಒಪ್ಪಿಗಿ ತಗೊಂಡ ಹಿಡೀರಿ. ಹಾಡ ಸುರು ಮಾಡೂಕಿಂತ ಮೊದಲ ಅವರ ಬಾಯಿಲೇ ಹೇಳಸ್ರಿ: ನನ್ನ ಹೆಸರ ಇದು, ನನ್ನ ತವರೂರ ಇದು, ಈ ಪದ ನನಗ ಇಂಥಾಕಿ ಕಲಿಸಿದ್ಲು, ಇದನ್ನ ಇಂಥಾ ಹೊತ್ತಿನಾಗ ಹಾಡತೇವಿ. ಅದ ನಮ್ಮ ಅಂಕಿತ. ನಮ್ಮ ಹೆಣ್ಣಮಕ್ಕಳಿಗೆ ಹಳೇ ಕಾಲದಾಗ ಸಿಗಲಾರದ ಅಂಕಿತ. ಹಾಡ ಕಡದ್ರೂ ಮೊದಲಿಗೇ ಹೆಸರ ಇರತೈತಿ. ತಲಬಾಗಲದಾಗ ಹೆಸರಿನ ಹಲಗಿ ಹಚ್ಚಿದಂಗ ಆತು. ಅಡ್ಡಿಲ್ಲ ಅಂದವರದು ಮಾತ್ರ ಮುಂದ ಕಳಸ್ರಿ. ಬ್ಯಾಡ ಅಂದ್ರ ಮನ್ಯಾಗ ಇರಲಿ.

ಮನ್ಯಾಗ ಲಗ್ನ ಇದ್ರ ಡಾಲ್ಬಿ ಹುಡುಗಗ ಅಡ್ವಾನ್ಸ ಕೊಡೂ ಮುಂದ ಎರಡ ಮಾತ ಹೇಳ್ರಿ. ಶರೀಫರ ಪದ, ಜನಪದ ಹಾಕಿದ್ರ ಮೈಕಿನಾಗ ಒಮ್ಮೆ ಹೆಸರ ಹೇಳು ಅಂತ. ಅರಿಷಿಣದ ಹೊತ್ತಿನಾಗ ಅರ್ಧಾ ತಾಸ ನಿನ್ನ ಮಷೀನ ಬಂದ ಇಡು, ನಮ್ಮ ಹೆಂಗಸರು ಹಾಡಾವರದಾರ ಅಂತ. ರೊಕ್ಕಾ ಕೊಡಾವರು ನಾವು, ಅವ ಇಲ್ಲ ಅನ್ನೂದಿಲ್ಲ. ರಾತ್ರಿ 10ರಿಂದ ಮುಂಜಾನಿ 6ರ ತನಕ ಸ್ಪೀಕರ ಹಚ್ಚಬಾರದು ಅಂತ 2000ದಿಂದ ನಿಯಮಾನ ಐತಿ, ಆ ಹೊತ್ತಿನಾಗ ಹೆಂಗೂ ಅವ ಬಂದ ಮಾಡಬೇಕ. ಆಗ ನಮ್ಮ ಪಾಳಿ. ವರಾತಿನಾಗ ಕುಣೀರಿ, ನಾನೂ ಕುಣೀತೇನಿ, ಅದರಾಗ ಏನ ನಾಚಿಕಿ. ಮನಿಗೆ ಬಂದು ಕಾಲ ತೊಳಕೊಂಡು ಒಂದ ಪದಾನರ ಕಡೀತನಕ ಹೇಳೂಣು.

ಮತ್ತ ಹಾಡಕ್ಕ ಬರೂ ಹುಡಿಗ್ಯಾರಿಗೆ, ಮೊಬೈಲಿನಾಗ ಡಿಜೆ ಮಾಡೂ ನಮ್ಮ ಹುಡುಗೂರಿಗೆ ಒಂದ ಮಾತು. ಶರೀಫಜ್ಜನ ಯಾವ ಪದ ಬೇಕಾದ್ರೂ ತಗೋರಿ, ಬಡಿತ ಹಾಕ್ರಿ, ಗಿಟಾರ ಹಾಕ್ರಿ, ಕುಣಸ್ರಿ. ಕಡೀ ನುಡಿ ಬಂದಾಗ ಮಾತ್ರ ಬಡಿತ ಸ್ವಲ್ಪ ಸಣ್ಣ ಮಾಡ್ರಿ, ಶಿಶುನಾಳಧೀಶ ಅನ್ನೂದು ಚೊಕ್ಕ ಕೇಳಿಸಲಿ. ನಿಮ್ಮ ಡ್ರಾಪ್ ಅಲ್ಲಿಂದ ಮುಂದ ಬಿಡ್ರಿ, ಬೇಕಾದ್ರ ಎರಡ ಸಲ ಬಿಡ್ರಿ. ಅಷ್ಟ ಮಾಡಿದ್ರ ನಿಮ್ಮ ಹೆಸರ ಐದ ಸಲ ಅಲ್ಲ, ಹತ್ತ ಸಲ ಒದರಿಸಿದ್ರೂ ನಾ ಮಾರಿ ಕಿವಚೂದಿಲ್ಲ.